61 ದಿನದ ನಿಷೇಧ ಸರಿ, ಉಳಿದ 304 ದಿನ?

ಘಟ್ಟದ ಮೇಲಿನವ:
ನಾನು ಹಾಸನದವನು. ಮೀನಿನ ವಿಷಯದಲ್ಲಿ ತಿನ್ನುವುದು ಬಿಟ್ಟರೆ ನನಗೆ ಜಾಸ್ತಿ ಗೊತ್ತಿಲ್ಲ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ ಅಂತ ಪೇಪರಿನಲ್ಲಿ ಓದುತ್ತೇನೆ. ಆದರೆ ಜೂನ್ ಕೊನೆಗೆ ನಮ್ಮ ಮಾರ್ಕೆಟಿನಲ್ಲಿ ಬಂಗುಡೆ ಇರುತ್ತದೆ, ದುಡ್ಡು ಕೊಟ್ಟರೆ ಅಂಜಲ್ ಕೂಡ ಸಿಗುತ್ತದೆ. ಎಲ್ಲಿಂದ ಬಂತು ಅಂತ ಕೇಳಿದರೆ "ಮಂಗಳೂರು ಮೀನು ಸಾರ್" ಅನ್ನುತ್ತಾರೆ. ಹಾಗಾದರೆ ನಿಷೇಧ ಬರೀ ಪೇಪರಿನಲ್ಲಾ? ಜುಲೈಯಲ್ಲೇ ದೋಣಿಗಳು ಅಲೆ ಸೀಳಿಕೊಂಡು ಹೋಗುವುದನ್ನು ಟಿವಿಯಲ್ಲಿ ಬೇರೆ ತೋರಿಸುತ್ತಾರೆ. ಅವರ ಮೇಲೆ ಕೇಸ್ ಹಾಕುವುದಿಲ್ವಾ? ಈ ದಿನಾಂಕ ನಿರ್ಧಾರ ಮಾಡುವುದು ಬೆಂಗಳೂರಾ, ದೆಹಲಿಯಾ? ತಿಳಿದವರು ಹೇಳಿ.

ಧಕ್ಕೆ ಬದಿ:
ಮೀನು ಬರುವುದು ನಿಜ. ಮಂಗಳೂರಿನ ಮೇಲೆ ಬರುವುದೂ ನಿಜ. ಆದರೆ ಅದು ಮಂಗಳೂರು ಕಡಲಿನ ಮೀನಲ್ಲ.

ಪೂರ್ವ ಕರಾವಳಿಯ ಲೆಕ್ಕ ಬೇರೆ. ಅಲ್ಲಿ ಏಪ್ರಿಲ್ 15ಕ್ಕೆ ಬಾಗಿಲು ಹಾಕಿದರೆ ಜೂನ್ 14ರ ತನಕ ತೆಗೆಯುವುದಿಲ್ಲ. ಜೂನ್ 15ರಿಂದ ತಮಿಳುನಾಡು, ಆಂಧ್ರ, ಒಡಿಶಾದ ಬೋಟ್‌ಗಳು ಕಡಲಿಗೆ ಇಳಿಯುತ್ತವೆ. ಅಲ್ಲಿಂದ ಐಸ್ ತುಂಬಿದ ಲಾರಿಗಳು ಈ ಕಡೆ ಬರುತ್ತವೆ. ಏಪ್ರಿಲ್, ಮೇಯಲ್ಲಿ ಅವರ ಬೋಟ್ ನಿಂತಿದ್ದಾಗ ಇಲ್ಲಿಂದ ಆ ಕಡೆ ಲಾರಿ ಹೋಗಿರುತ್ತದೆ. ಎರಡೂ ಕಡಲು ಒಟ್ಟಿಗೆ ಬಂದ್ ಆಗಿರುವುದು ಜೂನ್ 1ರಿಂದ 14ರವರೆಗೆ ಮಾತ್ರ. ಆ ಎರಡು ವಾರ ಮಾರ್ಕೆಟಿಗೆ ಹೋಗಿ ರೇಟ್ ಕೇಳಿ ನೋಡಿ, ಕೋಳಿ ತಗೊಂಡು ಮನೆಗೆ ಬರುತ್ತೀರಿ.

ಇನ್ನು ಫ್ರೀಜರ್ ಮಾಲು ಇದೆ, ಹೊಳೆ ಮೀನು ಇದೆ, ಒಣಮೀನು ಇದೆ. ನೀವು ಟಿವಿಯಲ್ಲಿ ನೋಡಿದ್ದು ನಾಡದೋಣಿ, ಅಂದರೆ ಸಣ್ಣ ಎಂಜಿನ್ ಕಟ್ಟಿದ ಸಾಂಪ್ರದಾಯಿಕ ದೋಣಿ. ಅದಕ್ಕೆ ನಿಷೇಧ ಇಲ್ಲ.

ಉಪ್ಪುಂದ ನಾಡದೋಣಿ:
ನಮ್ಮ ಬಗ್ಗೆ ನಾನೇ ಹೇಳುತ್ತೇನೆ.

ನಿಷೇಧ ಇರುವುದು ಯಾಂತ್ರೀಕೃತ ಬೋಟ್‌ಗಳಿಗೆ, ಮತ್ತೆ 10 ಎಚ್‌ಪಿಗಿಂತ ಜಾಸ್ತಿ ಶಕ್ತಿಯ ಮೋಟಾರ್ ಇರುವ ದೋಣಿಗಳಿಗೆ. ಅದಕ್ಕೇ ನಮ್ಮ ಕಡೆ ದೋಣಿಯ ಹಿಂದೆ 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಕಾಣುವುದು. ಕಡಲತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟ್, ಮೀನಿನ ಹಿಂಡಿನ ಸುತ್ತ ಬಲೆ ಬಿಡುವ ಪರ್ಸೀನ್ ಬೋಟ್ ಎಲ್ಲ ದಡದಲ್ಲಿ ನಿಂತಿರುವ ಆ ಎರಡು ತಿಂಗಳೇ ನಮ್ಮ ಸೀಸನ್. ಉಪ್ಪುಂದ, ಮರವಂತೆ, ಗಂಗೊಳ್ಳಿ ಕಡೆ ಮಳೆಗಾಲದಲ್ಲಿ ಬಂದರೆ ಮಾಟುಬಲೆ, ಪಟ್ಟಬಲೆ, ಕಂತಬಲೆ ಎಲ್ಲ ನೋಡಬಹುದು.

ಆದರೆ ರಜೆ ಸಿಕ್ಕಿದ ಹಾಗೆ ದಿನಾ ಹೋಗಲು ಆಗುವುದಿಲ್ಲ. ಮೊದಲು ತೂಫಾನ್ ಆಗಬೇಕು. ಕಡಲು ಅಡಿಮೇಲಾಗಬೇಕು. ಆಮೇಲೆ ಸ್ವಲ್ಪ ತಣ್ಣಗಾದಾಗ ಮೀನು ದಡದ ಕಡೆ ಬರುತ್ತದೆ ಅನ್ನುವುದು ನಮ್ಮ ಹಿರಿಯರ ಲೆಕ್ಕ. ಸರಿಯಾಗಿ ತೂಫಾನ್ ಆಗದ ವರ್ಷ ಜೂನ್ ಪೂರ್ತಿ ಬಲೆ ಒಣಗಿಸುತ್ತಾ ಕೂತಿದ್ದೂ ಉಂಟು. ಅಳಿವೆ ಬಾಯಲ್ಲಿ ಹೂಳು ತುಂಬಿದ್ದರೆ ದೋಣಿ ಮಗುಚುವ ಭಯ ಬೇರೆ. ಆದ್ದರಿಂದ "ನಾಡದೋಣಿಯವರಿಗೆ ವಿನಾಯಿತಿ ಕೊಟ್ಟಿದ್ದಾರೆ, ಮಜಾ" ಅಂತ ಯಾರೂ ಹೇಳಬೇಡಿ. ಸಿಗಡಿ ಸಿಕ್ಕಿದ ದಿನ ಮಜಾ ಹೌದು. ಉಳಿದ ದಿನ ಸೀಮೆಎಣ್ಣೆ ಖರ್ಚೂ ಹುಟ್ಟುವುದಿಲ್ಲ.

ಕಾನೂನು ಕಟ್ಟೆ:
ಬೆಂಗಳೂರಾ ದೆಹಲಿಯಾ ಅಂತ ಕೇಳಿದ್ದೀರಿ. ಎರಡೂ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ 21ನೇ ನಮೂದು. ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆ ಕೇಂದ್ರಪಟ್ಟಿಯ 57ನೇ ನಮೂದು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ತನಕ ರಾಜ್ಯದ ಮಾತು ನಡೆಯುತ್ತದೆ. ಅಲ್ಲಿಂದ 200 ನಾಟಿಕಲ್ ಮೈಲಿ ತನಕ ಕೇಂದ್ರದ್ದು.

ನಮ್ಮಲ್ಲಿ ಇರುವುದು ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986. ಅದರ ನಿಯಮಗಳು ಬಂದದ್ದು 1987ರಲ್ಲಿ. ಎಲ್ಲಿ, ಯಾವಾಗ, ಯಾವ ಬೋಟಿನಲ್ಲಿ, ಯಾವ ಬಲೆ ಹಾಕಿ ಹಿಡಿಯಬಹುದು ಅಂತ ಆದೇಶ ಹೊರಡಿಸುವ ಅಧಿಕಾರವನ್ನು ಈ ಕಾಯ್ದೆ ರಾಜ್ಯಕ್ಕೆ ಕೊಡುತ್ತದೆ. ಕೇರಳ ಮತ್ತು ಗೋವಾ 1980ರಲ್ಲೇ ಇಂಥ ಕಾಯ್ದೆ ಮಾಡಿದ್ದವು, ಮಹಾರಾಷ್ಟ್ರ 1981ರಲ್ಲಿ, ತಮಿಳುನಾಡು 1983ರಲ್ಲಿ. ನಾವು ಸ್ವಲ್ಪ ತಡ.

ಈಗಿನ 61 ದಿನದ ಲೆಕ್ಕ ಬಂದದ್ದು 2015ರಿಂದ. ಅದಕ್ಕೆ ಮೊದಲು ದಿನಗಳು ಕಡಿಮೆ ಇದ್ದವು. 12 ಮೈಲಿ ಒಳಗೆ ರಾಜ್ಯದ ಆದೇಶ, ಆಚೆ ಕೇಂದ್ರದ ಆದೇಶ. ನಮ್ಮಲ್ಲಿ ಎರಡರ ದಿನಾಂಕವೂ ಒಂದೇ ಇರುವುದರಿಂದ ಜನರಿಗೆ ಒಂದೇ ನಿಷೇಧದ ಹಾಗೆ ಕಾಣುತ್ತದೆ. ಕೇರಳದಲ್ಲಿ ಹಾಗಿಲ್ಲ. ಅವರ ನೀರಿನಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ.

ಮಲ್ಪೆ ಟ್ರಾಲ್ ಬೋಟ್:
ಈ 52, 61ರ ವಿಷಯ ಬಂದಾಗಲೆಲ್ಲ ನಮ್ಮ ಬಂದರಿನಲ್ಲಿ ಒಂದು ಸುತ್ತು ಜಗಳ ಆಗುತ್ತದೆ. ಕಡಲಿಗೆ ಬೇಲಿ ಇಲ್ಲ. ಮೀನು ಕಾಸರಗೋಡಿನಲ್ಲಿ ನಿಂತು ಗಡಿ ನೋಡುವುದಿಲ್ಲ. ನಾವು ಜೂನ್ 1ಕ್ಕೆ ಬೋಟ್ ಕಟ್ಟಬೇಕು, ಅವರು ಇನ್ನೂ ಎಂಟು ಒಂಬತ್ತು ದಿನ ಎಳೆಯಬಹುದು. ಇದು ಯಾವ ನ್ಯಾಯ?

ಆದರೂ ಒಂದು ಮಾತು ಹೇಳುತ್ತೇನೆ. ನಿಷೇಧ ಬೇಡ ಅನ್ನುವ ಬೋಟ್ ಮಾಲೀಕ ನಮ್ಮಲ್ಲಿ ಅಪರೂಪ. ಬೋಟ್ ಮೇಲೆ ಎಳೆಯಬೇಕು, ಎಂಜಿನ್ ಬಿಚ್ಚಬೇಕು, ಹಲಗೆ ಬದಲಾಯಿಸಬೇಕು, ಬಣ್ಣ ಹೊಡೆಯಬೇಕು, ಬಲೆ ರಿಪೇರಿ ಮಾಡಬೇಕು. ಬೋಟಿನಲ್ಲಿ ದುಡಿಯುವ ಕಲಾಸಿಗಳು ಒಡಿಶಾ, ಜಾರ್ಖಂಡ್, ಆಂಧ್ರದಲ್ಲಿರುವ ತಮ್ಮ ಮನೆ ನೋಡಬೇಕು. ಮುಂಗಾರು ಹಿಡಿದ ಮೇಲೆ ಹೇಗೂ ಬೋಟ್ ಬಿಡಲು ಆಗುವುದಿಲ್ಲ.

ಮೀನು ಮೇಷ್ಟ್ರು:
ಅಲ್ಲಿಗೇ ಬಂತು ನೋಡಿ ವಿಷಯ. ಕಡಲೇ ಬಂದ್ ಮಾಡುವ ತಿಂಗಳಿಗೆ ಸರ್ಕಾರ ಬೀಗ ಹಾಕಿದೆ. ಅದಕ್ಕೇ ಈ ನಿಯಮ ಇಷ್ಟು ಚೆನ್ನಾಗಿ ಪಾಲನೆಯಾಗುವುದು! ಯಾರಿಗೂ ಜಾಸ್ತಿ ನೋವಾಗದ ನಿಯಮವನ್ನು ಎಲ್ಲರೂ ಪಾಲಿಸುತ್ತಾರೆ.

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು ನಾನು. 1969ರಲ್ಲಿ ಶುರುವಾದ ಕಾಲೇಜು, ದೇಶದಲ್ಲೇ ಮೊದಲನೆಯದು. ನಿಷೇಧದಿಂದ ಪ್ರಯೋಜನವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೂತಾಯಿ (ಸಾರ್ಡೀನ್) ಮೊಟ್ಟೆ ಇಡುವ ಮುಖ್ಯ ಕಾಲ ಮುಂಗಾರಿನ ತಿಂಗಳುಗಳು. ಆಗ ಟ್ರಾಲ್ ಮತ್ತು ಪರ್ಸೀನ್ ಬಲೆ ನೀರಿಗೆ ಇಳಿಯದಿರುವುದು ಒಳ್ಳೆಯದೇ. ಎರಡು ತಿಂಗಳು ಕಡಲತಳವನ್ನು ಯಾರೂ ಕೆರೆಯುವುದಿಲ್ಲ, ಅದೂ ಒಳ್ಳೆಯದು.

ಆದರೆ ಜುಲೈಯಲ್ಲಿ ಹುಟ್ಟಿದ ಮರಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಎಷ್ಟು ದೊಡ್ಡದಿರುತ್ತದೆ? ಬೆರಳಿನಷ್ಟು. ಅಷ್ಟೊತ್ತಿಗೆ ಬೋಟ್‌ಗಳೆಲ್ಲ ಇಳಿದಿರುತ್ತವೆ. ಎರಡು ತಿಂಗಳು ತಾಯಿಯನ್ನು ಕಾಪಾಡಿ ಮೂರನೇ ತಿಂಗಳು ಮಗುವನ್ನು ಹಿಡಿದರೆ ಲೆಕ್ಕ ಎಲ್ಲಿ ಸರಿಹೋಯಿತು? ನಮ್ಮ ಜನ, ಪೇಪರ್, ಇಲಾಖೆ ಎಲ್ಲರೂ ದಿನಾಂಕದ ಬಗ್ಗೆಯೇ ಮಾತಾಡುತ್ತಾರೆ. ನಿಜವಾದ ಕಾನೂನು ಬೇಕಾಗಿರುವುದು ಉಳಿದ 304 ದಿನಕ್ಕೆ.

ಧಕ್ಕೆ ಬದಿ:
ಅದಕ್ಕೂ ಕಾನೂನು ಇದೆಯಲ್ಲ ಮೇಷ್ಟ್ರೇ. ಬಲೆಯ ಕಣ್ಣಿನ ಅಳತೆ, ಸಣ್ಣ ಮೀನು ಹಿಡಿಯಬಾರದು ಅನ್ನುವುದು.

ಮೀನು ಮೇಷ್ಟ್ರು:
ಇದೆ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಜನರಿಗೆ ಗೊತ್ತಿರುವುದು ಕಡಿಮೆ.

ಟ್ರಾಲ್ ಬಲೆಯ ಕೊನೆಯಲ್ಲಿ ಮೀನು ಸೇರುವ ಚೀಲ ಇರುತ್ತದೆ. ಅದರ ಕಣ್ಣು 35 ಮಿ.ಮೀ. ಇರಬೇಕು, ಅದೂ ಚೌಕ ಆಕಾರದಲ್ಲಿ ಇರಬೇಕು ಅನ್ನುವುದು ನಿಯಮ. ಚೌಕ ಯಾಕೆ? ಸಾಮಾನ್ಯ ಬಲೆಯ ಕಣ್ಣು ವಜ್ರದಾಕಾರ. ಎಳೆಯುವಾಗ ಬಲೆ ಬಿಗಿಯಾಗಿ ಆ ಕಣ್ಣು ಮುಚ್ಚಿಕೊಳ್ಳುತ್ತದೆ. ದಡದಲ್ಲಿ ಅಳೆದಾಗ 35 ಇದ್ದರೂ ನೀರಿನೊಳಗೆ ಮರಿಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಚೌಕದ ಕಣ್ಣು ಎಳೆದಾಗಲೂ ತೆರೆದೇ ಇರುತ್ತದೆ, ಮರಿ ಹೊರಗೆ ಹೋಗುತ್ತದೆ.

ಎರಡನೆಯದು ಮೀನಿನ ಕನಿಷ್ಠ ಅಳತೆ. ಇದನ್ನು ಮೊದಲು ಗಟ್ಟಿಯಾಗಿ ಹಿಡಿದದ್ದು ಕೇರಳ. 2015ರಲ್ಲಿ 14 ಜಾತಿಗೆ ಅಳತೆ ನಿಗದಿ ಮಾಡಿದರು. 2017ರಲ್ಲಿ ಅದನ್ನು 58 ಜಾತಿಗೆ ವಿಸ್ತರಿಸಿದರು. ಅಲ್ಲಿ ಬೂತಾಯಿ 10 ಸೆಂ.ಮೀ.ಗಿಂತ, ಬಂಗುಡೆ 14 ಸೆಂ.ಮೀ.ಗಿಂತ ಸಣ್ಣದಿದ್ದರೆ ಹಿಡಿಯಬಾರದು. ಈ ಅಳತೆಯೂ ಒಂದು ರಾಜಿಯೇ. ಬೂತಾಯಿ ಮೊಟ್ಟೆಗೆ ಬರುವುದು ಹೆಚ್ಚು ಕಡಿಮೆ 15 ಸೆಂ.ಮೀ. ಆದಾಗ. ಅಷ್ಟನ್ನೇ ನಿಯಮ ಮಾಡಿದ್ದರೆ ಬೋಟಿನವರು ಒಪ್ಪುತ್ತಿರಲಿಲ್ಲ.

ಬೂತಾಯಿ ಕಥೆ ಎಷ್ಟು ಜನರಿಗೆ ಗೊತ್ತೋ ಏನೋ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ ಕೇರಳದಲ್ಲಿ 2012ರಲ್ಲಿ ದಡಕ್ಕೆ ಬಂದ ಬೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ ಬಂದದ್ದು 3,297 ಟನ್. ನೂರಕ್ಕೆ ಒಂದು ಪಾಲೂ ಇಲ್ಲ. ಎಲ್ಲದಕ್ಕೂ ಬೋಟ್ ಕಾರಣ ಅಲ್ಲ. ಎಲ್ ನಿನೋ, ನೀರಿನ ಬಿಸಿ, ಮಳೆಯ ಏರುಪೇರು ಎಲ್ಲ ಸೇರಿದೆ. ಬೂತಾಯಿ ಮೊದಲಿನಿಂದಲೂ ಒಂದು ದಶಕ ರಾಶಿ ಬಿದ್ದು ಇನ್ನೊಂದು ದಶಕ ಮಾಯವಾಗುವ ಮೀನು. ಆದರೆ ಸಂಖ್ಯೆ ಕುಸಿಯುತ್ತಿರುವಾಗ ಮರಿಯನ್ನೂ ಬಾಚಿದರೆ ಮತ್ತೆ ಏಳಲು ಅದಕ್ಕೆ ದಾರಿ ಎಲ್ಲಿದೆ?

ಈ ಎರಡು ನಿಯಮ ಪಾಲಿಸಲು ಬೋಟಿನವನಿಗೆ ಪ್ರತಿದಿನ ನಷ್ಟ ಆಗುತ್ತದೆ. ಜೂನ್ ನಿಷೇಧದಲ್ಲಿ ಹಾಗಾಗುವುದಿಲ್ಲ. ವ್ಯತ್ಯಾಸ ಇರುವುದೇ ಅಲ್ಲಿ.

ಮಲ್ಪೆ ಟ್ರಾಲ್ ಬೋಟ್:
ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಬೋಟಿನವನನ್ನೇ ಯಾಕೆ ಕಟಕಟೆಯಲ್ಲಿ ನಿಲ್ಲಿಸುತ್ತೀರಿ? ಮರಿ ಮೀನು ತಂದರೆ ಅದಕ್ಕೆ ಗಿರಾಕಿ ಯಾರು? ನಿಮ್ಮ ಮನೆಯಲ್ಲಿ ಬೆರಳುದ್ದದ ಮದ್ಮಲ್ ಯಾರೂ ತಿನ್ನುವುದಿಲ್ಲ. ಅದು ಹೋಗುವುದು ಫಿಶ್‌ಮೀಲ್ ಫ್ಯಾಕ್ಟರಿಗೆ. ಅಲ್ಲಿ ಒಣಗಿಸಿ ಪುಡಿ ಮಾಡಿ, ಎಣ್ಣೆ ತೆಗೆದು, ಸಿಗಡಿ ಕೆರೆಗೂ ಕೋಳಿ ಫಾರಂಗೂ ಮೇವು ಮಾಡುತ್ತಾರೆ. ಹಿಂದೆ ಇಂಥ ಕಸಮೀನನ್ನು ಕಡಲಿಗೇ ವಾಪಸ್ ಎಸೆಯುತ್ತಿದ್ದರು. ಈಗ ಅದಕ್ಕೂ ಕೆ.ಜಿ. ಲೆಕ್ಕದಲ್ಲಿ ದುಡ್ಡು ಬರುತ್ತದೆ. ಟ್ರಿಪ್ ನಷ್ಟ ಆದಾಗ ಡೀಸೆಲ್ ಖರ್ಚಿಗೆ ಅದೇ ಆಸರೆ. ಫ್ಯಾಕ್ಟರಿ ಗೇಟಿನಲ್ಲಿ ಮರಿ ಮೀನು ತಗೊಳ್ಳದ ಹಾಗೆ ಮಾಡಿ, ನಾಳೆಯೇ ನಾವು ತರುವುದು ನಿಲ್ಲುತ್ತದೆ.

ಉಪ್ಪುಂದ ನಾಡದೋಣಿ:
ಅಂದರೆ ಕಳ್ಳಮಾಲು ಕೊಳ್ಳುವವನನ್ನು ಹಿಡಿದರೆ ಸಾಕು, ಕಳ್ಳ ತಾನಾಗಿ ಒಳ್ಳೆಯವನಾಗುತ್ತಾನೆ ಅಂತ. ಚೆನ್ನಾಗಿದೆ.

ದಡದಿಂದ 6 ಕಿ.ಮೀ. ಒಳಗೆ ನಮ್ಮಂಥ ಸಾಂಪ್ರದಾಯಿಕ ಮೀನುಗಾರರಿಗೆ ಅಂತ ಮೀಸಲಿಟ್ಟದ್ದು ಇದೇ ಕಾನೂನು. ಆ ಗೆರೆ ಯಾರ ಕಣ್ಣಿಗೆ ಕಾಣುತ್ತದೆ ಹೇಳಿ? ರಾತ್ರಿ ಟ್ರಾಲ್ ಬೋಟ್ ನಮ್ಮ ಕಂತಬಲೆ ಮೇಲೆ ಹಾದುಹೋದರೆ ಬಲೆ ಚಿಂದಿ. ನಂಬರ್ ನೋಡುವಷ್ಟರಲ್ಲಿ ಬೋಟ್ ಇರುವುದಿಲ್ಲ. ಬೆಳಗ್ಗೆ ದೂರು ಕೊಡಲು ಹೋದರೆ "ಯಾವ ಬೋಟ್ ಅಂತ ಹೇಳಿ" ಅನ್ನುತ್ತಾರೆ.

ಮಲ್ಪೆ ಟ್ರಾಲ್ ಬೋಟ್:
ಎಲ್ಲ ಬೋಟಿನವರೂ ಹಾಗಲ್ಲ ಮಾರಾಯ್ರೇ. ನಮ್ಮದು ಆಳಸಮುದ್ರ ಬೋಟ್. ವಾರ, ಹತ್ತು ದಿನ ಹೊರಗೇ ಇರುತ್ತೇವೆ. ನಿಮ್ಮ 6 ಕಿ.ಮೀ.ನಲ್ಲಿ ನಮಗೇನು ಕೆಲಸ?

ಕಾರವಾರ ಕಿನಾರೆ:
ನಡುವೆ ಬಾಯಿ ಹಾಕುತ್ತೇನೆ. ಲೈಟ್ ಫಿಶಿಂಗ್ ವಿಷಯ ಯಾರೂ ಎತ್ತಲೇ ಇಲ್ಲ. ನಮ್ಮ ಕಡೆ ಜಗಳ ಇರುವುದೇ ಅದರಲ್ಲಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೋಟಿನಲ್ಲಿ ಜನರೇಟರ್ ಇಟ್ಟು ದೊಡ್ಡ ದೊಡ್ಡ ಎಲ್‌ಇಡಿ ದೀಪ ಉರಿಸುತ್ತಾರೆ. ಬೊಂಡಾಸ (ಸ್ಕ್ವಿಡ್), ಬಂಗುಡೆ, ಸಣ್ಣದು ದೊಡ್ಡದು ಎಲ್ಲ ಬೆಳಕಿಗೆ ಬಂದು ಸೇರುತ್ತವೆ. ಸುತ್ತ ಪರ್ಸೀನ್ ಬಲೆ ಬಿಟ್ಟು ಎತ್ತಿದರೆ ಆಯಿತು. ಬುಲ್ ಟ್ರಾಲ್ ಅಂದರೆ ಒಂದೇ ಬಲೆಯನ್ನು ಎರಡು ಬೋಟ್ ಸೇರಿ ಎಳೆಯುವುದು. ಎರಡನ್ನೂ ಕೇಂದ್ರ 2017ರ ನವೆಂಬರಿನಲ್ಲಿ ನಿಷೇಧಿಸಿತು. ರಾಜ್ಯದ ನೀರಿನಲ್ಲೂ ನಿಷೇಧ ಇದೆ. ಆದರೂ ಚಳಿಗಾಲದ ಅಮಾವಾಸ್ಯೆ ಹೊತ್ತಿಗೆ ದಡದಲ್ಲಿ ನಿಂತರೆ ದೂರದಲ್ಲಿ ಬೆಳಕು ಕಾಣುತ್ತದೆ. ಹುಣ್ಣಿಮೆಗೆ ಕಾಣುವುದಿಲ್ಲ, ಬೆಳದಿಂಗಳಿದ್ದರೆ ಅವರ ದೀಪಕ್ಕೆ ಬೆಲೆ ಇಲ್ಲ.

ಗೋವಾ ಗಡಿ ಬೇರೆ ನಮಗೆ ಹತ್ತಿರ. ಅವರ ಬೋಟ್ ಇಲ್ಲಿ ಬಂದರೆ ನಾವು ಹಿಡಿಯುತ್ತೇವೆ, ನಮ್ಮದು ಅಲ್ಲಿ ಹೋದರೆ ಅವರು ಹಿಡಿಯುತ್ತಾರೆ. ಎರಡೂ ಕಡೆ ಕಾನೂನು ಹೆಚ್ಚು ಕಡಿಮೆ ಒಂದೇ, ಆದರೆ ಜಾರಿಯಾಗುವುದು ಪಕ್ಕದೂರಿನವನು ಸಿಕ್ಕಿದಾಗ ಮಾತ್ರ.

ಧಕ್ಕೆ ಬದಿ:
ಪರ್ಸೀನಿನವರ ಮಾತನ್ನೂ ಕೇಳಬೇಕಲ್ವಾ? ಲಕ್ಷಗಟ್ಟಲೆ ಸಾಲ ಮಾಡಿ ಬೋಟ್ ಕಟ್ಟಿದ್ದಾರೆ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬಂದಾಗ ಅದನ್ನು ಪ್ರೋತ್ಸಾಹಿಸಿದ್ದು ಇದೇ ಸರ್ಕಾರ, ಇದೇ ಬ್ಯಾಂಕುಗಳು. ಆಗ ರಾಂಪಣಿಯವರು ಬೀದಿಗಿಳಿದು ಜಗಳ ಮಾಡಿದರು. ನೂರಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಾಂಪಣಿ ಬಲೆ ಕೆಲವೇ ವರ್ಷದಲ್ಲಿ ಮೂಲೆ ಸೇರಿತು. ರಾಂಪಣಿಯ ಪಾಲುದಾರರೇ ಎಷ್ಟೋ ಜನ ಆಮೇಲೆ ಪರ್ಸೀನ್ ಬೋಟ್ ಹತ್ತಿದರು. ಈಗ ಅದೇ ಪರ್ಸೀನಿನವನಿಗೆ ಹಗಲು ಮೀನು ಸಿಗುವುದಿಲ್ಲ, ಅದಕ್ಕೆ ದೀಪ ಹಿಡಿದ. ತಪ್ಪೇ. ಆದರೆ ಇಲ್ಲಿಗೆ ತಂದು ಬಿಟ್ಟದ್ದು ಯಾರು ಅನ್ನುವುದನ್ನೂ ಕೇಳಬೇಕು.

ಕಾನೂನು ಕಟ್ಟೆ:
ಜೀವನೋಪಾಯದ ಹಕ್ಕಿನ ಮೇಲೆ ಕೋರ್ಟಿಗೆ ಹೋದರೆ ನಿಲ್ಲುತ್ತದಾ ಅಂತ ಕೆಲವರು ನನಗೆ ಖಾಸಗಿಯಾಗಿ ಕೇಳಿದ್ದಾರೆ. ಇಲ್ಲೇ ಹೇಳುತ್ತೇನೆ. ಕೇರಳ ತನ್ನ ನೀರಿನಲ್ಲಿ ಪರ್ಸೀನ್, ರಿಂಗ್‌ಸೀನ್ ಮುಂತಾದ ಬಲೆಗಳನ್ನು ನಿಷೇಧಿಸಿದಾಗ ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. 1993ರಲ್ಲಿ ಕೋರ್ಟ್ ಸರ್ಕಾರದ ಪರ ನಿಂತಿತು. ಸಾಂಪ್ರದಾಯಿಕ ಮೀನುಗಾರರ ಬದುಕನ್ನೂ ಮೀನಿನ ಸಂಪತ್ತನ್ನೂ ಕಾಪಾಡಲು ರಾಜ್ಯ ಹೀಗೆ ನಿರ್ಬಂಧ ಹಾಕಬಹುದು ಅನ್ನುವುದು ಅದರ ಸಾರ.

ಆದರೆ ಇದು ನಡೆಯುವುದು 12 ಮೈಲಿ ತನಕ. ತಮಿಳುನಾಡು 2000ದಿಂದಲೇ ಪರ್ಸೀನ್ ನಿಷೇಧಿಸಿದ ರಾಜ್ಯ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, 12 ಮೈಲಿ ಆಚೆ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಬೆಳಗ್ಗೆ 8ರಿಂದ ಸಂಜೆ 6ರ ತನಕ ಪರ್ಸೀನಿಗೆ ಅವಕಾಶ ಕೊಟ್ಟಿತು. ಈಗ ಹೇಳಿ, ಬಲೆ ತುಂಬಿಕೊಂಡು ದಡಕ್ಕೆ ಬಂದ ಬೋಟ್ 11ನೇ ಮೈಲಿಯಲ್ಲಿ ಹಿಡಿಯಿತೋ 13ನೇ ಮೈಲಿಯಲ್ಲೋ ಅಂತ ಬಂದರಿನಲ್ಲಿ ನಿಂತ ಅಧಿಕಾರಿಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಬೋಟ್ ಎಲ್ಲಿದೆ ಅಂತ ತಿಳಿಸುವ ಟ್ರಾನ್ಸ್‌ಪಾಂಡರ್ ಹಾಕಿಸುವುದು ಅನಿವಾರ್ಯ ಅನ್ನುವುದು ನನ್ನ ಅಭಿಪ್ರಾಯ. ಬೋಟಿನವರು ಅದನ್ನು ಪೊಲೀಸ್ ಕಣ್ಣು ಅಂದುಕೊಳ್ಳುತ್ತಾರೆ. ಬಲೆ ಹರಿದುಕೊಂಡ ನಾಡದೋಣಿಯವನಿಗೆ ಅದೇ ಸಾಕ್ಷಿಯೂ ಆಗಬಹುದು.

ಘಟ್ಟದ ಮೇಲಿನವ:
ನಾನು ಸುಮ್ನೆ ಒಂದು ಪ್ರಶ್ನೆ ಕೇಳಿದ್ದೆ, ಇಷ್ಟು ಆಳ ಇದೆ ಅಂತ ಗೊತ್ತಿರಲಿಲ್ಲ. ಇನ್ನೊಂದು ಸಂಶಯ. ನಿಯಮ ಮುರಿದರೆ ಶಿಕ್ಷೆ ಏನು? ಯಾರಾದರೂ ನಿಜವಾಗಿ ಹೆದರುತ್ತಾರಾ?

ಮಲ್ಪೆ ಟ್ರಾಲ್ ಬೋಟ್:
ದಂಡಕ್ಕೆ ಹೆದರುವುದಿಲ್ಲ, ಡೀಸೆಲ್‌ಗೆ ಹೆದರುತ್ತೇವೆ. ನಿಷೇಧದ ಅವಧಿಯಲ್ಲಿ ಕಡಲಿಗಿಳಿದು ಸಿಕ್ಕಿಬಿದ್ದರೆ ಒಂದು ವರ್ಷ ಕರರಹಿತ ಡೀಸೆಲ್ ಸಿಗುವುದಿಲ್ಲ. ಪ್ರತಿ ವರ್ಷ ಮೇ ಕೊನೆಗೆ ಬರುವ ಪ್ರಕಟಣೆಯಲ್ಲಿ ಈ ಸಾಲು ಇದ್ದೇ ಇರುತ್ತದೆ. ಟ್ರಾಲ್ ಬೋಟಿನ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್. ತೆರಿಗೆ ಸೇರಿಸಿ ಪೂರ್ತಿ ದರ ಕೊಟ್ಟು ವರ್ಷವಿಡೀ ಓಡಿಸಿದರೆ ಆ ಬೋಟ್ ಮಾರುವುದೇ ಲೇಸು.

ಮೀನು ಮೇಷ್ಟ್ರು:
ಇದು ಬಹಳ ಮುಖ್ಯವಾದ ಮಾತು. ಕಡಲಿಗೆ ಹೋಗಿ ಬೋಟ್ ಅಟ್ಟಿಸಿಕೊಂಡು ಹಿಡಿಯಲು ಇಲಾಖೆಯ ಹತ್ತಿರ ಜನ ಎಲ್ಲಿದ್ದಾರೆ? ಕರಾವಳಿ ಉದ್ದ 300 ಕಿ.ಮೀ. ಮೇಲಿದೆ. ಡೀಸೆಲ್ ಮಾತ್ರ ದಡದಲ್ಲೇ ತುಂಬಿಸಬೇಕು. ಹಾಗಿದ್ದ ಮೇಲೆ ಆ ಕೀಲಿಯನ್ನು ಜೂನ್, ಜುಲೈಗೆ ಮಾತ್ರ ಯಾಕೆ ಇಟ್ಟುಕೊಂಡಿದ್ದಾರೆ? ಚೀಲದ ಕಣ್ಣು 35 ಇಲ್ಲದ ಬೋಟಿಗೆ, ದೀಪ ಕಟ್ಟಿದ ಬೋಟಿಗೆ ಅಷ್ಟೇ ಕಟ್ಟುನಿಟ್ಟಾಗಿ ಡೀಸೆಲ್ ನಿಲ್ಲಿಸಿ ನೋಡಲಿ. ಬಂದರಿನಲ್ಲಿ ಬಲೆ ಅಳೆಯಲು ಒಂದು ಸ್ಕೇಲ್ ಸಾಕು, ಹಡಗು ಬೇಡ. ನಿಷೇಧವನ್ನು 61ರಿಂದ 90 ದಿನಕ್ಕೆ ಏರಿಸಿ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ದಿನ ಏರಿಸುವುದು ಸುಲಭ, ಏಟು ಬೀಳುವುದು ಕೂಲಿಯವರಿಗೆ.

ಬುಟ್ಟಿ ಅಕ್ಕನ ಮಗಳು:
ಈ ತನಕ ಓದುತ್ತಾ ಕೂತಿದ್ದೆ. ಬೋಟ್, ಬಲೆ, ಕೋರ್ಟ್ ಎಲ್ಲ ಬಂತು, ಮಾರುವ ಹೆಂಗಸರು ಎಲ್ಲೂ ಬರಲಿಲ್ಲ.

ನನ್ನ ಅಮ್ಮ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿದವರು. ನಿಷೇಧ ಶುರುವಾದರೆ ಬೋಟ್ ಮಾಲೀಕನಿಗೆ ರಿಪೇರಿ ಖರ್ಚು, ಕಲಾಸಿಗೆ ಊರಿಗೆ ಹೋಗುವ ಸಂಭ್ರಮ. ಅಮ್ಮನಿಗೆ ಮಾತ್ರ ಗಿರಾಕಿ ಉಳಿಸಿಕೊಳ್ಳುವ ಚಿಂತೆ. ಎರಡು ತಿಂಗಳು ಹೋಗದಿದ್ದರೆ ಆ ಮನೆಯವರು ಬೈಕಿನಲ್ಲಿ ಬರುವವನ ಹತ್ತಿರ ತಗೊಳ್ಳಲು ಶುರುಮಾಡುತ್ತಾರೆ. ಅದಕ್ಕೇ ಬಂದರಿನ ಧಕ್ಕೆಗೆ ಹೋಗಿ ಲಾರಿ ಮೀನು ಕೊಳ್ಳಬೇಕು. ಲಾರಿ ಮೀನಿಗೆ ರೇಟ್ ಜಾಸ್ತಿ, ತಾಜಾತನ ಕಡಿಮೆ, ಬೈಗುಳ ತಿನ್ನುವುದು ಮಾರುವವಳು. ಅದಕ್ಕಿಂತ ಒಣಮೀನು ವಾಸಿ, ಆದರೆ ಅದಕ್ಕೆ ಬೇಸಿಗೆಯಲ್ಲೇ ದುಡ್ಡು ಹಾಕಿ ಒಣಗಿಸಿ ಇಟ್ಟುಕೊಂಡಿರಬೇಕು.

ಉಳಿತಾಯ ಮತ್ತು ಪರಿಹಾರ ಯೋಜನೆ ಅಂತ ಒಂದಿದೆ. ಮೀನುಗಾರ 1,500 ರೂ. ಕಟ್ಟಿದರೆ ಸರ್ಕಾರ 3,000 ರೂ. ಸೇರಿಸಿ, ಒಟ್ಟು 4,500 ರೂಪಾಯಿಯನ್ನು ಮೂರು ಕಂತಿನಲ್ಲಿ ತಿಂಗಳಿಗೆ 1,500ರಂತೆ ಕೊಡುತ್ತದೆ. ಅದರಲ್ಲಿ ನಮ್ಮದೇ ದುಡ್ಡು ಮೂರನೇ ಒಂದು ಪಾಲು. ಅದಕ್ಕೂ ಸಹಕಾರ ಸಂಘದ ಸದಸ್ಯತ್ವ ಬೇಕು, ಕಾಗದ ಬೇಕು. ಮಹಿಳೆಯರ ಬಡ್ಡಿರಹಿತ ಸಾಲವನ್ನು 2023ರ ಬಜೆಟ್‌ನಲ್ಲಿ 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿದರು. ಒಳ್ಳೆಯದು. ಆದರೆ ಸಾಲ ತೀರಿಸಲು ವ್ಯಾಪಾರ ಇರಬೇಕಲ್ಲ.

ಉಪ್ಪುಂದ ನಾಡದೋಣಿ:
ಅಕ್ಕ, ನಿಮ್ಮ ಅಮ್ಮನಂಥವರಿಗೆ ಮಳೆಗಾಲದಲ್ಲಿ ಮೀನು ಕೊಡುವುದು ನಮ್ಮ ದೋಣಿಗಳೇ. ನಾಡದೋಣಿಗೂ ನಿಷೇಧ ಹಾಕಿ ಅಂತ ಆಗಾಗ ಒಂದು ಕೂಗು ಏಳುತ್ತದಲ್ಲ, ಹಾಗೆ ಹೇಳುವವರು ಇದನ್ನು ಓದಲಿ.

ಮಲ್ಪೆ ಟ್ರಾಲ್ ಬೋಟ್:
ಆ ಕೂಗು ಏಳಲು ಕಾರಣ ಇದೆ. 9.9 ಎಚ್‌ಪಿ ಒಂದೇ ಎಂಜಿನ್ ಇದ್ದರೆ ಯಾರದೂ ತಕರಾರಿಲ್ಲ. ದೊಡ್ಡ ಫೈಬರ್ ದೋಣಿಗೆ ಎರಡೆರಡು ಎಂಜಿನ್ ಕಟ್ಟಿಕೊಂಡು ಹೋಗಿ "ನಾವು ಸಾಂಪ್ರದಾಯಿಕ" ಅಂದರೆ? ಮಾಟುಬಲೆಗೆ ಮರಿ ಮೀನು ಬೀಳುವುದಿಲ್ವಾ? ಜೂನ್, ಜುಲೈಯಲ್ಲಿ ಮೊಟ್ಟೆ ತುಂಬಿದ ಬೂತಾಯಿ ಹಿಡಿಯುವುದು ಯಾರು?

ಉಪ್ಪುಂದ ನಾಡದೋಣಿ:
ಎರಡು ಎಂಜಿನ್ ಕಟ್ಟುವವರನ್ನು ಹಿಡಿಯಲಿ, ನಾವು ಬೇಡ ಅಂದೆವಾ? ನೀವು ಹತ್ತು ತಿಂಗಳು ಹಿಡಿದದ್ದಕ್ಕೂ ನಾವು ಹತ್ತಾರು ದಿನ ಹಿಡಿದದ್ದಕ್ಕೂ ತೂಕ ಹಾಕಿ ನೋಡಿ. ಯಾರ ಹೊಟ್ಟೆಗೆ ಯಾರು ಹೊಡೆದದ್ದು ಅಂತ ಗೊತ್ತಾಗುತ್ತದೆ. ನಿಮ್ಮ ಅಂಥವರು

ನಿರ್ವಾಹಕರು:
ಮೇಲಿನ ಬರಹದ ಕೊನೆಯ ಸಾಲುಗಳನ್ನು ತೆಗೆದಿದ್ದೇವೆ. ಊರು, ಜಾತಿ ಎಳೆದು ತರಬೇಡಿ. ವಿಷಯ ಚೆನ್ನಾಗಿ ನಡೆಯುತ್ತಿದೆ, ಮುಂದುವರಿಸಿ.

ಕಾರವಾರ ಕಿನಾರೆ:
ಕೇಂದ್ರ 2025ರ ನವೆಂಬರಿನಲ್ಲಿ ಹೊಸ ನಿಯಮ ತಂದಿದೆಯಲ್ಲ, ಅದರ ಪ್ರಕಾರ 12 ಮೈಲಿ ಆಚೆ ಹೋಗುವ ಯಾಂತ್ರೀಕೃತ ಬೋಟ್‌ಗಳಿಗೆ ಪ್ರವೇಶ ಪಾಸ್ ಬೇಕಂತೆ. ನಮ್ಮ ಪಾತಿ ದೋಣಿಗೂ ಬೇಕಾ?

ಕಾನೂನು ಕಟ್ಟೆ:
ಯಂತ್ರ ಇಲ್ಲದ ಸಾಂಪ್ರದಾಯಿಕ ದೋಣಿಗೆ ಬೇಡ. ಯಾಂತ್ರೀಕೃತ ಬೋಟ್‌ಗಳು ಆನ್‌ಲೈನ್ ಪೋರ್ಟಲ್‌ನಲ್ಲಿ ಪಾಸ್ ಪಡೆಯಬೇಕು, ಶುಲ್ಕ ಇಲ್ಲ. ಲೈಟ್ ಫಿಶಿಂಗ್, ಬುಲ್ ಟ್ರಾಲ್ ನಿಷೇಧ ಆ ನಿಯಮದಲ್ಲೂ ಇದೆ. ಇಷ್ಟು ವರ್ಷ 12 ಮೈಲಿ ಆಚೆಗೆ ಭಾರತದ ಬೋಟ್‌ಗಳಿಗೆ ಸರಿಯಾದ ನಿಯಮಾವಳಿಯೇ ಇರಲಿಲ್ಲ. ವಿದೇಶಿ ಹಡಗುಗಳಿಗೆ 1981ರ ಕಾಯ್ದೆ ಇತ್ತು, ನಮ್ಮವರಿಗೆ ವರ್ಷಕ್ಕೊಂದು ನಿಷೇಧದ ಆದೇಶ ಅಷ್ಟೇ. 2021ರ ಮಸೂದೆಗೆ ಮೀನುಗಾರರ ಸಂಘಟನೆಗಳಿಂದ ವಿರೋಧ ಬಂತು, ಅದು ಕಾಯ್ದೆ ಆಗಲಿಲ್ಲ. ಈ ನಿಯಮದಿಂದ 11ನೇ ಮೈಲಿ, 13ನೇ ಮೈಲಿ ಗೊಂದಲ ಪೂರ್ತಿ ಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ರಾಜ್ಯದ ದಾಖಲೆ, ಕೇಂದ್ರದ ದಾಖಲೆ ಒಂದಕ್ಕೊಂದು ಮಾತಾಡಿದರೆ ಸ್ವಲ್ಪ ಕಡಿಮೆಯಾಗಬಹುದು.

ಘಟ್ಟದ ಮೇಲಿನವ:
ಎಲ್ಲರಿಗೂ ಧನ್ಯವಾದ. ಆಗಸ್ಟ್ 1ಕ್ಕೆ ಶನಿವಾರ, ಭಾನುವಾರ ಸೇರಿಸಿ ಮಲ್ಪೆಗೆ ಬಂದರೆ ತಾಜಾ ಮೀನು ಸಿಗುತ್ತದಾ?

ಮಲ್ಪೆ ಟ್ರಾಲ್ ಬೋಟ್:
1ಕ್ಕೆ ಬರಬೇಡಿ. ನಿಷೇಧ ಮುಗಿಯುವುದು ಕಾಗದದಲ್ಲಿ. ಕಡಲು ಒಪ್ಪಬೇಕು, ಕಲಾಸಿಗಳು ರೈಲು ಹತ್ತಿ ವಾಪಸ್ ಬರಬೇಕು, ಐಸ್ ಪ್ಲಾಂಟ್ ಶುರುವಾಗಬೇಕು. ನಮ್ಮಲ್ಲಿ ನೂಲ ಹುಣ್ಣಿಮೆಗೆ ವಡಭಾಂಡೇಶ್ವರದ ಕಡಲತೀರದಲ್ಲಿ ಸಮುದ್ರ ಪೂಜೆ ಇದೆ. ಅದು ಆದ ಮೇಲೆಯೇ ಬೋಟ್ ಬಿಡುವವರು ಈಗಲೂ ತುಂಬ ಜನ ಇದ್ದಾರೆ. ಆಳಸಮುದ್ರ ಬೋಟ್ ಹೋಗಿ ಬರಲು ಮತ್ತೆ ವಾರ, ಹತ್ತು ದಿನ. ಆಗಸ್ಟ್ ಕೊನೆ ವಾರ ಬನ್ನಿ, ಬೆಳಗ್ಗೆ ಬೇಗ ಧಕ್ಕೆಗೆ ಹೋಗಿ.

ಬುಟ್ಟಿ ಅಕ್ಕನ ಮಗಳು:
ಧಕ್ಕೆಯಲ್ಲಿ ಹರಾಜು ನಡೆಯುವುದು ಬುಟ್ಟಿ ಲೆಕ್ಕದಲ್ಲಿ. ಎರಡು ಕೆ.ಜಿ. ಬೇಕಿದ್ದರೆ ಹೊರಗೆ ಕೂತಿರುವ ಹೆಂಗಸರ ಹತ್ತಿರ ತಗೊಳ್ಳಿ, ಕ್ಲೀನ್ ಮಾಡಿ ಕೊಡುತ್ತಾರೆ. ಚೌಕಾಸಿ ಮಾಡಿ, ಆದರೆ ಅರ್ಧಕ್ಕೆ ಕೇಳಬೇಡಿ.

ಮೀನು ಮೇಷ್ಟ್ರು:
ಬಂಗುಡೆ ತಗೊಳ್ಳುವಾಗ ಅಂಗೈ ಪಕ್ಕ ಇಟ್ಟು ನೋಡಿ. ಅಂಗೈಗಿಂತ ಚಿಕ್ಕದಿದ್ದರೆ ಬಿಟ್ಟುಬಿಡಿ, ಬೇರೆ ಬುಟ್ಟಿ ನೋಡಿ.